ಬೇರೆಲ್ಲೂ ಇಲ್ಲ ಎನ್ನುವ ಮೊದಲು

ಪ್ರತಿಕಾಯಗಳನ್ನು ತಯಾರಿಸುವ ಪ್ಲಾಸ್ಮಾ ಕೋಶಗಳು ಕೆಟ್ಟು ಒಂದೇ ಮೂಳೆಯಲ್ಲಿ ಗಡ್ಡೆಯಾಗಿ ಬೆಳೆದರೆ ಅದು ಒಂಟಿ ಪ್ಲಾಸ್ಮಸೈಟೋಮಾ. ಮಜ್ಜೆಯ ತುಂಬ ಹರಡಿದರೆ ಮಲ್ಟಿಪಲ್ ಮೈಲೋಮಾ. ಮೊದಲನೆಯದಕ್ಕೆ ಗಡ್ಡೆಯಿರುವ ಜಾಗಕ್ಕಷ್ಟೇ 40ರಿಂದ 50 ಗ್ರೇ ವಿಕಿರಣ. ಎರಡನೆಯದಕ್ಕೆ ಇಡೀ ದೇಹವನ್ನು ಮುಟ್ಟುವ ಔಷಧ. ಚಿಕಿತ್ಸೆಯ ದಾರಿ ಕವಲೊಡೆಯುವುದು ಒಂದೇ ಪ್ರಶ್ನೆಯ ಮೇಲೆ: ರೋಗ ಬೇರೆಲ್ಲಾದರೂ ಇದೆಯೇ?

ಅಂತರರಾಷ್ಟ್ರೀಯ ಮೈಲೋಮಾ ತಜ್ಞರ ಗುಂಪು 2014ರಲ್ಲಿ ಪರಿಷ್ಕರಿಸಿದ ಮಾನದಂಡಗಳು ಈ ಪ್ರಶ್ನೆಯನ್ನು ಗಂಭೀರವಾಗಿ ಎದುರಿಸಿವೆ. ಬಯಾಪ್ಸಿಯಲ್ಲಿ ಒಂದೇ ಮೂಲದ ಪ್ಲಾಸ್ಮಾ ಕೋಶಗಳು ಕಾಣಬೇಕು. ಮಜ್ಜೆಯಲ್ಲಿ ಅವು ಇರಬಾರದು. ರಕ್ತಹೀನತೆ, ಮೂತ್ರಪಿಂಡದ ವೈಫಲ್ಯ, ರಕ್ತದಲ್ಲಿ ಕ್ಯಾಲ್ಸಿಯಂ ಏರಿಕೆ ಇರಬಾರದು. ಮಜ್ಜೆಯಲ್ಲಿ ಶೇ. 10ಕ್ಕಿಂತ ಕಡಿಮೆ ಕೆಟ್ಟ ಕೋಶಗಳಿರುವವರನ್ನು ಪ್ರತ್ಯೇಕ ಗುಂಪಾಗಿಸಿದ್ದು ಇದರ ದೊಡ್ಡ ಸಾಧನೆ. ಮಜ್ಜೆ ಶುದ್ಧವಿದ್ದವರಲ್ಲಿ ಮೂರು ವರ್ಷದೊಳಗೆ ರೋಗ ಮುಂದುವರಿಯುವ ಸಂಭವ ಸುಮಾರು ಶೇ. 10, ಮೂಳೆಯ ಗಡ್ಡೆಯೊಂದಿಗೆ ಮಜ್ಜೆಯಲ್ಲೂ ಅಲ್ಪ ಕೋಶಗಳಿದ್ದವರಲ್ಲಿ ಸುಮಾರು ಶೇ. 60. ಇಷ್ಟು ಭಿನ್ನ ಭವಿಷ್ಯದ ಇಬ್ಬರಿಗೆ ಒಂದೇ ಹೆಸರಿಡುವುದು ಅನ್ಯಾಯವಾಗುತ್ತಿತ್ತು.

ಹುಡುಕಾಟದ ವಿಷಯದಲ್ಲಿ ಮಾತ್ರ ಈ ಮಾನದಂಡ ಸಡಿಲ. ಅಸ್ಥಿಪಂಜರದ ಎಕ್ಸ್-ರೇ ಜೊತೆಗೆ ಬೆನ್ನುಮೂಳೆ ಮತ್ತು ಸೊಂಟದ ಎಂಆರ್‌ಐ ಅಥವಾ ಸಿಟಿ ಸಾಕೆಂದು ಅದು ಒಪ್ಪಿತು. ಮೂಳೆಯ ಖನಿಜ ಶೇ. 30ರಷ್ಟಾದರೂ ನಷ್ಟವಾಗದೆ ಎಕ್ಸ್-ರೇಯಲ್ಲಿ ಹಾನಿ ತೋರುವುದೇ ಕಷ್ಟ. ತೊಡೆಮೂಳೆಯಲ್ಲೋ ಪಕ್ಕೆಲುಬಿನಲ್ಲೋ ಅಡಗಿದ ಎರಡನೇ ಗಡ್ಡೆ ಹೀಗೆ ತಪ್ಪಿಸಿಕೊಳ್ಳಬಹುದು. 2019ರಲ್ಲಿ ಅದೇ ಗುಂಪು ಮೂಳೆಯ ಒಂಟಿ ಗಡ್ಡೆಗೆ ಇಡೀ ದೇಹದ ಎಂಆರ್‌ಐಯನ್ನು ಮೊದಲ ಆಯ್ಕೆಯಾಗಿಸಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಮಜ್ಜೆಯ ಪರೀಕ್ಷೆಯಲ್ಲೂ ಸೂಕ್ಷ್ಮದರ್ಶಕಕ್ಕೆ ಸಿಗದ ಕೋಶಗಳನ್ನು ಫ್ಲೋ ಸೈಟೊಮೆಟ್ರಿ ಹಿಡಿಯುತ್ತದೆ. ಅದನ್ನು ಐಚ್ಛಿಕವೆಂದು ಬಿಡುವುದು ಸರಿಯಲ್ಲ.

ನಮ್ಮಲ್ಲಿ ಇನ್ನೊಂದು ಅಪಾಯವಿದೆ. ಈ ಗಡ್ಡೆ ಹೆಚ್ಚಾಗಿ ಬೆನ್ನುಮೂಳೆಯಲ್ಲೇ ಕಾಣಿಸಿಕೊಳ್ಳುತ್ತದೆ. ಭಾರತದಲ್ಲಿ ಕುಸಿದ ಕಶೇರುಮಣಿ ಕಂಡರೆ ಮೊದಲು ನೆನಪಾಗುವುದು ಕ್ಷಯ. ಕ್ಷಯ ಸಾಮಾನ್ಯವಾಗಿ ಎರಡು ಮಣಿಗಳ ನಡುವಿನ ಡಿಸ್ಕನ್ನೂ ತಿನ್ನುತ್ತದೆ. ಪ್ಲಾಸ್ಮಸೈಟೋಮಾದಲ್ಲಿ ಡಿಸ್ಕ್ ಹೆಚ್ಚಾಗಿ ಉಳಿದಿರುತ್ತದೆ. ಆದರೆ ಚಿತ್ರವೊಂದನ್ನೇ ನಂಬಿ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಡುವುದಕ್ಕಿಂತ, ಸೂಜಿಯಿಂದ ಚೂರು ತೆಗೆದು ನೋಡುವುದೇ ರೋಗಿಗೆ ಹಿತ.

ಮೂಳೆಯ ಒಂಟಿ ಗಡ್ಡೆಯೆಂದು ಗುರುತಿಸಲಾದವರಲ್ಲಿ ಹತ್ತು ವರ್ಷಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಮೈಲೋಮಾ ಬರುತ್ತದೆ. ಆದ್ದರಿಂದ ಪ್ರತಿ ವರದಿಯೂ ಯಾವ ಪರೀಕ್ಷೆಗಳಿಂದ, ದೇಹದ ಎಷ್ಟು ಭಾಗವನ್ನು ಹುಡುಕಲಾಯಿತು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಮುಂದಿನ ವೈದ್ಯರು ತಪಾಸಣೆಯನ್ನು ಎಲ್ಲಿಂದ ಶುರುಮಾಡಬೇಕೆಂದು ತಿಳಿಯುವುದು ಅದರಿಂದಲೇ.