ಶಿಬಿರ ಮುಗಿದ ಮೇಲೆ

ಶಿವಮೊಗ್ಗ, ಭದ್ರಾವತಿ ಸುತ್ತಲಿನ ಹಳ್ಳಿಗಳಲ್ಲಿ ಕುಡಿತ ಬಿಡಿಸುವ ಮಾತು ಬಂದರೆ ಜನ ಮೊದಲು ನೆನೆಯುವುದು ಧರ್ಮಸ್ಥಳದವರ ಮದ್ಯವರ್ಜನ ಶಿಬಿರವನ್ನು. ಅಲ್ಲಿನ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆಯ ನೆರಳಲ್ಲಿ ಬೆಳೆದ ಜನಜಾಗೃತಿ ವೇದಿಕೆ ನಾಡಿನಾದ್ಯಂತ ಇಂಥ ಸಾವಿರಕ್ಕೂ ಹೆಚ್ಚು ಶಿಬಿರ ನಡೆಸಿದೆ.

ಈ ಶಿಬಿರದ ದೊಡ್ಡ ಗುಣ, ಒಂದು ಮನೆಯ ಮಾನದ ಪ್ರಶ್ನೆಯನ್ನು ಇಡೀ ಊರು ತನ್ನದೆಂದು ಎತ್ತಿಕೊಳ್ಳುವುದು. ಸಮುದಾಯ ಭವನದಲ್ಲಿ ಸಾಲಾಗಿ ಚಾಪೆ, ಊರವರೇ ಕೊಟ್ಟ ಅಕ್ಕಿ, ತರಕಾರಿ, ಬೆಳಿಗ್ಗೆ ಯೋಗ, ಸಂಜೆ ಭಜನೆ. ಎರಡನೆಯ ದಿನದ ಹೊತ್ತಿಗೆ ಕೆಲವರ ಕೈ ಎಷ್ಟು ನಡುಗುತ್ತದೆಂದರೆ ಚಹಾದ ಲೋಟ ತುಟಿಗೆ ಮುಟ್ಟುವ ಮೊದಲೇ ಅರ್ಧ ಚೆಲ್ಲಿರುತ್ತದೆ. ಆ ಲೋಟ ಹಿಡಿದುಕೊಳ್ಳಲು ಪಕ್ಕದಲ್ಲೊಬ್ಬರು ಇದ್ದಾರೆಂಬುದು ಸಣ್ಣ ಮಾತಲ್ಲ.

ಆದರೆ ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಕುತ್ತಾಗಬಹುದು. ಅಂಥವರನ್ನು ಮೊದಲೇ ಗುರುತಿಸಿ ಆಸ್ಪತ್ರೆಗೆ ಸೇರಿಸಬೇಕು. ಡಾ. ಅಶೋಕ್ ಪೈ ಅವರಂಥವರು ಮನೋವೈದ್ಯವನ್ನು ಮನೆಮಾತಾಗಿಸಿದ ಶಿವಮೊಗ್ಗದಲ್ಲಿ, ಮೆಗ್ಗಾನ್ ಆಸ್ಪತ್ರೆ ಇರುವ ಊರಲ್ಲಿ, ಇದು ಆಗದ ಕೆಲಸವಲ್ಲ.

ಇನ್ನು ಕುಡಿಯುವುದಿಲ್ಲವೆಂದು ಶಿಬಿರದಲ್ಲಿ ಮಾಡಿಸುವ ಪ್ರತಿಜ್ಞೆಯ ಬಗ್ಗೆಯೂ ನನಗೆ ತಕರಾರಿದೆ. ದೇವರ ಹೆಸರಲ್ಲಿ ಆಣೆ ಮಾಡಿದವನು ಮತ್ತೆ ಒಂದು ದಿನ ಕುಡಿದರೆ, ಪಾಪಕ್ಕೆ ಹೆದರಿ ಊರವರಿಂದ ತಲೆಮರೆಸಿಕೊಳ್ಳುತ್ತಾನೆ. ಮರುಕಳಿಸುವುದು ಈ ಕಾಯಿಲೆಯ ಸ್ವಭಾವ. ಎಡವಿದವನು ನಾಚದೆ ಮರಳಿ ಬಂದು ಕೂರುವ ಜಾಗ ಶಿಬಿರದ ನಂತರ ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿ. ಇಡೀ ವ್ಯವಸ್ಥೆಯ ಜೀವಾಳ ಅದೇ. ಎಷ್ಟು ಜನ ಶಿಬಿರಕ್ಕೆ ಬಂದರು ಎಂಬುದಕ್ಕಿಂತ, ವರ್ಷದ ನಂತರ ಎಷ್ಟು ಜನ ಸಮಿತಿಗೆ ಬರುತ್ತಿದ್ದಾರೆ ಎಂದು ಲೆಕ್ಕ ಇಡಬೇಕು.

ಗಾಂಜಾದ ವಿಷಯಕ್ಕೆ ಬಂದರೆ ಈ ಮಾದರಿ ತಡವರಿಸುತ್ತದೆ. ಭದ್ರಾವತಿಯಲ್ಲಿ ಎಂಪಿಎಂ ಕಾಗದ ಕಾರ್ಖಾನೆ ನಿಂತುಹೋಗಿದೆ, ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಕುಂಟುತ್ತಿದೆ. ಅಪ್ಪಂದಿರಿಗೆ ಸಿಕ್ಕ ಕೆಲಸ ಮಕ್ಕಳಿಗಿಲ್ಲ. ಹೀಗೆ ಖಾಲಿ ಕೂತು ಗಾಂಜಾಕ್ಕೆ ಬಿದ್ದ ಹತ್ತೊಂಬತ್ತರ ಹುಡುಗನನ್ನು ಐವತ್ತರ ಯಜಮಾನರ ನಡುವೆ ಭಜನೆಗೆ ಕೂರಿಸಿದರೆ ಅವನು ಬಾಯಿಬಿಡುವುದಿಲ್ಲ. ಅವನ ತಾಯಿಗೋ ಪೊಲೀಸರ ಭಯ. ತಾನಾಗಿ ಸರ್ಕಾರಿ ಆಸ್ಪತ್ರೆಗೋ ಮಾನ್ಯತೆ ಪಡೆದ ಕೇಂದ್ರಕ್ಕೋ ಬಂದು ಚಿಕಿತ್ಸೆ ಪೂರ್ತಿ ಪಡೆಯುವ ವ್ಯಸನಿಗೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ, 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ. ಇದನ್ನು ಆ ತಾಯಿಗೆ ಯಾರೂ ಹೇಳಿಲ್ಲ. ವಾರವಾರ ಸೇರುವ ಸ್ವಸಹಾಯ ಸಂಘಗಳು ಉಳಿತಾಯದ ಲೆಕ್ಕ ಬರೆದು ಮುಗಿಸಿದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಲಿ.