ನಾಲ್ಕನೆಯ ಜ್ವರದ ಸಂಜೆ

ಪುಸ್ತಕವನ್ನು ಏಕಾಂತದಲ್ಲಿ ಕುಳಿತು ಮನಸ್ಸಿನೊಳಗೇ ಓದಿಕೊಳ್ಳುವುದೇ ಸುಸಂಸ್ಕೃತರ ಲಕ್ಷಣವೆಂದು ಪಟ್ಟಣದ ವಿದ್ಯಾವಂತರು ಬಹುಕಾಲದಿಂದ ನಂಬಿರುವರಾದರೂ, ಒಬ್ಬರು ಓದುತ್ತಿರಲು ನಾಲ್ವರು ಕೈಗೆಲಸ ಬಿಡದೆ ಕಿವಿಗೊಡುವ ಗೃಹವಾಚನದ ರಸವು ಆ ಮೌನಪಠನಕ್ಕೆ ದಕ್ಕುವುದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಅರ್ಕಾವತಿ ಕಾವೇರಿಯರ ಕೂಟವನ್ನೂ ಮೇಕೆದಾಟನ್ನೂ ಕಾಣುವ ಆತುರದಲ್ಲಿ ನಮ್ಮ ದೊಡ್ಡಆಲಹಳ್ಳಿಯನ್ನು ವಾಹನದ ಕಿಟಕಿಯಿಂದಷ್ಟೇ ನೋಡಿ ಸಾಗುವ ಪ್ರವಾಸಿಗರಿಗೆ, ಈ ಸೀಮೆಯಲ್ಲಿ ಅಂಥ ವಾಚನಕ್ಕೆ ಬೇಕಾದ ಬಿಡುವಿನ ವೇಳೆಯನ್ನು ಗೊತ್ತುಮಾಡುವುದು ರೇಷ್ಮೆಹುಳುವೆಂಬುದು ತಿಳಿಯುವುದಾದರೂ ಹೇಗೆ?

ಮೊಟ್ಟೆಯೊಡೆದಂದಿನಿಂದ ಗೂಡು ಕಟ್ಟುವವರೆಗಿನ ಸುಮಾರು 25 ರಿಂದ 28 ದಿನಗಳಲ್ಲಿ ಹುಳು ನಾಲ್ಕು ಸಲ ಜ್ವರಕ್ಕೆ ಕುಳಿತು ಪೊರೆ ಕಳಚುವುದು. ಆಗ ಅದು ತಲೆಯೆತ್ತಿಕೊಂಡು ನಿಶ್ಚಲವಾಗಿರುವುದರಿಂದ ಸೊಪ್ಪು ಹಾಕುವಂತಿಲ್ಲ. ಮನೆಮಂದಿಗೆ ಒಂದು ದಿನದ, ಕಡೆಯ ಜ್ವರದಲ್ಲಿ ಅದಕ್ಕೂ ತುಸು ಹೆಚ್ಚಿನ, ವಿರಾಮ. ಆ ಜ್ವರವೆದ್ದ ಹುಳುವಾದರೋ ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಶೇಕಡಾ 80ರಷ್ಟನ್ನು ಒಂದು ವಾರದ ಆಸುಪಾಸಿನಲ್ಲೇ ಮುಗಿಸುವುದರಿಂದ, ಬಳಿಕ ಗೂಡು ಕಟ್ಟಲು ಚಂದ್ರಂಕಿಯೆಂಬ ತಟ್ಟಿಗೆ ಬಿಡುವವರೆಗೆ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ಆದಕಾರಣ ವಾಚನಕ್ಕೆ ನಾಲ್ಕನೆಯ ಜ್ವರದ ಸಂಜೆಯೇ ಪ್ರಶಸ್ತವಾದ ಮುಹೂರ್ತ. ಅದು ಮಾಗಿಯ ಕಾಲವಾಗಿದ್ದು, ನೆನೆಸಿದ ಅವರೆಕಾಳಿನ ಬೋಗುಣಿಯ ಸುತ್ತ ಹಿತುಕಲು ಎಲ್ಲರೂ ಕುಳಿತಿದ್ದರಂತೂ ಹೇಳತಕ್ಕದ್ದೇ ಇಲ್ಲ. ದೂರದರ್ಶನದ ಧಾರಾವಾಹಿಯನ್ನು ನಾನು ಹಳಿಯುತ್ತಿಲ್ಲ. ಅದು ಕಿವಿಯ ಜೊತೆಗೆ ಕಣ್ಣನ್ನೂ ಬೇಡುವುದರಿಂದ ಅವರೆಕಾಳಿಗೆ ಹೊಂದುವುದಿಲ್ಲ, ಅಷ್ಟೆ.

ಏನನ್ನು ಓದಬೇಕು? ಕಂಠವುಳ್ಳವರಿಗೆ ಕುಮಾರವ್ಯಾಸನ ಭಾರತವಿದೆ. ಅದರ ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಮೂರು ನಾಲ್ಕರ ನಡೆಯಲ್ಲಿ 14 ಮಾತ್ರೆಗೆ ನಿಂತರೆ, ಮೂರನೆಯ ಮತ್ತು ಆರನೆಯ ಸಾಲುಗಳು 23 ಮಾತ್ರೆಯವರೆಗೆ ಚಾಚಿ ಕೊನೆಯ ಗುರುವಿನ ಮೇಲೆ ತಂಗುವುವು. ಓದುವವರು ಉಸಿರು ತೆಗೆದುಕೊಳ್ಳುವುದೂ ಕೇಳುವವರು ತಲೆದೂಗುವುದೂ ಅಲ್ಲಿಯೇ. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿ 1958ರಲ್ಲಿ ಸರ್ಕಾರದಿಂದ ಹೊರಬಂದ ಆವೃತ್ತಿಯು ಈ ಕಾವ್ಯವನ್ನು ಪಂಡಿತರಲ್ಲದವರ ಮನೆಗಳಿಗೂ ತಲುಪಿಸಿತು. ಲಕ್ಷ್ಮೀಶನ ವಾರ್ಧಕ ಷಟ್ಪದಿಯು ಇದಕ್ಕಿಂತ ಅಲಂಕೃತವಾದದ್ದು, ಪಳಗಿದ ದನಿಯನ್ನು ಅಪೇಕ್ಷಿಸುವಂಥದ್ದು. ಹೊಸಬರು ಅದಕ್ಕೆ ಕೈಹಾಕದಿರುವುದು ಲೇಸು. ಗದ್ಯವೇ ಸಾಕೆನ್ನುವವರಿಗೆ ಗೊರೂರರ 'ಹಳ್ಳಿಯ ಚಿತ್ರಗಳು' ಉಂಟು. ಮಕ್ಕಳಿರುವ ಮನೆಯಾದರೆ ಹಾರುವ ಓತಿಯನ್ನು ಹುಡುಕಿ ಹೊರಟ ತೇಜಸ್ವಿಯವರ 'ಕರ್ವಾಲೊ'. ಪಾತ್ರಗಳು ತಮ್ಮೊಳಗೇ ಪುಟಗಟ್ಟಲೆ ಚಿಂತಿಸುವ ಕಾದಂಬರಿಗಳನ್ನು, ಅವು ಎಷ್ಟೇ ಶ್ರೇಷ್ಠವಾಗಿರಲಿ, ಈ ಸಭೆಗೆ ತರಬಾರದು.

ಇದೇ ಸೀಮೆಯ ರಾಮನಗರದಲ್ಲಿ ಹುಟ್ಟಿ, ಕನ್ನಡ ಪುಸ್ತಕಗಳನ್ನು ತಾವೇ ಹೊತ್ತು ಮಾರಿದ ಜಿ.ಪಿ. ರಾಜರತ್ನಂ ಅವರ 'ರತ್ನನ ಪದಗಳು' ಮಾತ್ರ ಯಾವ ಸಂಜೆಗೂ ಸಲ್ಲುವುದು. ಅಕ್ಷರವನ್ನೇ ಕಲಿಯದ ಅಜ್ಜಿಯೂ ತನ್ನ ಬಾಯಿಮಾತೇ ಅಚ್ಚಾಗಿ ಬಂದಿತೆಂದು ನಕ್ಕು, "ಅದ್ನೇ ಇನ್ನೊಂದ್ ಕಿತ ಓದು ಮಗ" ಎಂದರೆ, ಅದಕ್ಕಿಂತ ಮಿಗಿಲಾದ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲಿಯೂ ಓದಿಲ್ಲ. ಓದುವವರು ಅಲ್ಲಲ್ಲಿ ನಿಲ್ಲಿಸಿ ಅರ್ಥ ಹೇಳತೊಡಗಿದರೆ ಮಾತ್ರ ರಸಭಂಗ. ತಿಳಿಯದವರು ಕೇಳಲಿ, ಆಗ ಹೇಳಿದರಾಯಿತು.

ಪುಸ್ತಕ ಕೊಳ್ಳುವ ಅನುಕೂಲವಿಲ್ಲದವರಿಗೂ ದಾರಿಯಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ನಡೆಯುತ್ತಿದ್ದು, 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದನ್ವಯ ಶಾಲಾಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಮಕ್ಕಳನ್ನು ಕಳುಹಿಸಿ ಒಂದು ಪುಸ್ತಕ ತರಿಸಿರಿ. ದೊಡ್ಡವರಲ್ಲಿ ಓದಬಲ್ಲವರಿಲ್ಲದಿದ್ದರೆ ಆ ಮಕ್ಕಳಿಂದಲೇ ಓದಿಸಿರಿ.