ಡೆಂಕಾಲಿಯ ಕಾಡು, ಇಳಕಲ್ಲಿನ ಓದುಗ

ಚಿತ್ರಕಥೆಗಳ ಬಗ್ಗೆ ಕನ್ನಡದಲ್ಲಿ ವಿಮರ್ಶೆ ಬರೆಯುವ ರೂಢಿ ಕಡಿಮೆ. ಅವು ಮಕ್ಕಳು ಹೊತ್ತು ಕಳೆಯುವ ಸಾಮಗ್ರಿ ಎಂದು ನಮ್ಮ ಪಂಡಿತರು ಬದಿಗಿಟ್ಟಿದ್ದಾರೆ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಐವತ್ತು ದಾಟಿದ ಓದುಗರನ್ನು ನೀವು ಮೊದಲು ಆಸೆಪಟ್ಟು ಓದಿದ್ದು ಏನೆಂದು ಕೇಳಿ ನೋಡಿ. ಕಾದಂಬರಿಗಳ ಹೆಸರು ಆಮೇಲೆ ಬರುತ್ತವೆ, ಫ್ಯಾಂಟಮ್ ಮೊದಲು ಬರುತ್ತಾನೆ. ‘ಸುಧಾ’ದಲ್ಲಿ ವಾರವಾರ ಬರುತ್ತಿದ್ದ ಆ ಪುಟಗಳನ್ನು ಕತ್ತರಿಸಿ, ದಬ್ಬಣದಿಂದ ಹೊಲಿದು, ರಟ್ಟು ಹಾಕಿ ಕಾಪಾಡಿದ ಕಟ್ಟುಗಳು ಕೆಲವರ ಅಟ್ಟದ ಮೇಲೆ ಇನ್ನೂ ಇವೆ. ಅವುಗಳ ಜೊತೆಗೆ ಇಂದ್ರಜಾಲ ಕಾಮಿಕ್ಸಿನ ಕನ್ನಡ, ಮರಾಠಿ, ಹಿಂದಿ ಸಂಚಿಕೆಗಳೂ ಸಿಗುತ್ತವೆ. ಇಂಥ ಕಟ್ಟುಗಳನ್ನು ಮುಂದಿಟ್ಟುಕೊಂಡು ಈ ನಾಲ್ಕು ಊರುಗಳ ಕೆಲವು ಓದುಗರೊಂದಿಗೆ ನಾವು ಮಾತಾಡಿದೆವು. ಹೆಸರು ಹಾಕುವುದು ಬೇಡ ಎಂದರು, ಹಾಕಿಲ್ಲ.

ಹೊಸ ಓದುಗರಿಗಾಗಿ ಎರಡು ಮಾತು. ಅಮೆರಿಕದ ಲೀ ಫಾಕ್ ಈ ಕಥೆಯನ್ನು ಪತ್ರಿಕೆಗಳಲ್ಲಿ ಆರಂಭಿಸಿದ್ದು 1936ರ ಫೆಬ್ರವರಿ 17ರಂದು. ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ. ಚಿತ್ರಕಥೆಯ ವೀರರ ಮೈಗಂಟಿದ ಉಡುಪು ಫ್ಯಾಂಟಮನಿಂದಲೇ ಶುರು ಎನ್ನಬೇಕು. ಆದರೆ ಇವನಿಗೆ ಹಾರಲು ಬರುವುದಿಲ್ಲ, ಗುಂಡು ತಗುಲಿದರೆ ರಕ್ತ ಬರುತ್ತದೆ. 1536ರಲ್ಲಿ ಕಡಲ್ಗಳ್ಳರ ದಾಳಿಯಲ್ಲಿ ತಂದೆಯನ್ನು ಕಳೆದುಕೊಂಡು ದಡ ಸೇರಿದ ಯುವಕನೊಬ್ಬ, ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು ದುಷ್ಟರ ವಿರುದ್ಧ ಹೋರಾಡುವ ಪ್ರತಿಜ್ಞೆ ಮಾಡುತ್ತಾನೆ. ಅಲ್ಲಿಂದ ಮಗ, ಮೊಮ್ಮಗ, ಮರಿಮಗ ಹೀಗೆ ಅದೇ ಉಡುಪು ತೊಡುತ್ತ ಬರುತ್ತಾರೆ. ನಾವು ಓದಿದವನು ಇಪ್ಪತ್ತೊಂದನೆಯವನು. ಕಾಡಿನ ಜನ ಮಾತ್ರ ಅವನಿಗೆ ಸಾವಿಲ್ಲ ಎಂದೇ ನಂಬಿದ್ದಾರೆ. ಇಂದ್ರಜಾಲ ಕಾಮಿಕ್ಸ್ 1964ರ ಮಾರ್ಚ್‌ನಲ್ಲಿ ಮೊದಲ ಸಂಚಿಕೆ ತಂದದ್ದೂ ಇವನ ಕಥೆಯಿಂದಲೇ. ಆ ಮಾಲೆ 1990ರಲ್ಲಿ ನಿಂತಿತು.

ಇಳಕಲ್ಲಿನ ಹಿರಿಯ ನೇಕಾರರೊಬ್ಬರು ಕೊಟ್ಟ ಅಭಿಪ್ರಾಯ ನಮಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. “ಅಂವ ದೊಡ್ಡ ಶೂರ ಅಂತ ನಾ ಓದಿಲ್ರಿ. ಅಂವ ಅಪ್ಪನ ಉದ್ಯೋಗ ಕಲ್ತಾನ. ಅಪ್ಪ ಸತ್ತ ಮರುದಿನ ಅಪ್ಪನ ಜಾಗಾದಾಗ ಕುಂತಾನ. ನಮ್ಮ ಮನ್ಯಾಗೂ ಹಂಗ ಆತು” ಎಂದರು. ಮಗ್ಗದ ಕುಣಿಯಲ್ಲಿ ತಂದೆಯ ಜಾಗದಲ್ಲಿ ಹದಿನಾರರ ವಯಸ್ಸಿಗೆ ಕುಳಿತವರ ಮಾತು ಇದು. ಗುಹೆಯಲ್ಲಿ ಫ್ಯಾಂಟಮ್ ಹಿರಿಯರ ದಿನಚರಿಗಳನ್ನು ತೆಗೆದು ಓದುವ ಚಿತ್ರ ಬಂದಾಗಲೆಲ್ಲ ಅವರು ಅಲ್ಲಿ ನಿಲ್ಲುತ್ತಿದ್ದರಂತೆ. ಹೊಡೆದಾಟದ ಪುಟಗಳನ್ನು ಹುಡುಗರು ಹರಿಯುವಷ್ಟು ತಿರುವಿದ್ದಾರೆ, ದಿನಚರಿಯ ಪುಟಗಳು ಅವರ ಕಟ್ಟಿನಲ್ಲಿ ಹೊಸದರಂತೆ ಇವೆ.

ಈ ಓದನ್ನು ನಾವು ಮೆಚ್ಚುತ್ತೇವೆ. ಆದರೆ ವಂಶದಿಂದ ಬಂದದ್ದೆಲ್ಲ ಕಸುಬೇ ಆಗಿರುವುದಿಲ್ಲ. ನೇಕಾರನ ಮಗನಿಗೆ ಬಂದದ್ದು ದುಡಿಮೆ. ಫ್ಯಾಂಟಮನ ಮಗನಿಗೆ ಬಂದದ್ದು ತಲೆಬುರುಡೆಯ ಸಿಂಹಾಸನ, ಕಾಡಿನ ಮೇಲಿನ ಹುಕುಂ. ಗೌಡಿಕೆ, ದೇಸಗತಿಗಳನ್ನು ಕಂಡ ನಮ್ಮ ಸೀಮೆಯ ಓದುಗರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಕಥೆ ಓದುವಾಗ ಅದು ಯಾರಿಗೂ ಚುಚ್ಚಲಿಲ್ಲವಲ್ಲ, ಏಕೆ?

ಚುಚ್ಚದಂತೆ ಪ್ರಕಾಶಕರು ಎಚ್ಚರ ವಹಿಸಿದ್ದರು ಎಂಬುದು ಅರ್ಧ ಉತ್ತರ. ಫಾಕ್ ಮೊದಲು ಈ ಕಾಡನ್ನು ನಮ್ಮ ಬಂಗಾಳದ ಆಸುಪಾಸಿನಲ್ಲಿ ಎಲ್ಲೋ ಇದೆ ಎನ್ನುವಂತೆ ಬರೆದು, ಬರಬರುತ್ತ ಆಫ್ರಿಕಕ್ಕೆ ಸಾಗಿಸಿದ. ದೇಶದ ಹೆಸರು ಬಂಗಾಲ್ಲಾ ಎಂದಾಯಿತು. ಇಂದ್ರಜಾಲದವರು ಅದನ್ನು ಡೆಂಕಾಲಿ ಮಾಡಿದರು. ಮೂಲದಲ್ಲಿ ಕಡಲ್ಗಳ್ಳರ ಕೂಟದ ಹೆಸರು ಸಿಂಗ್, ಇಲ್ಲಿ ಸಿಂಗಾ ಆಯಿತು. ಇಪ್ಪತ್ತನೆಯ ಫ್ಯಾಂಟಮನನ್ನು ಕೊಂದವನ ಹೆಸರು ರಾಮ, ಅದು ರಾಮಲು ಆಯಿತು. ಸಿಖ್ಖರಿಗೆ, ಹಿಂದೂಗಳಿಗೆ, ಬಂಗಾಳಿಗಳಿಗೆ ನೋವಾಗಬಾರದೆಂಬ ಈ ಕಾಳಜಿ ಸರಿಯಾದದ್ದೇ. ಮಕ್ಕಳ ಕೈಗೆ ಹೋಗುವ ಪುಸ್ತಕದಲ್ಲಿ ಕೊಲೆಗಾರನಿಗೆ ಒಂದು ಸಮುದಾಯದ ಹೆಸರು ಅಂಟಿಸಿದರೆ ಏನಾಗುತ್ತದೆ ಎಂಬುದು ಈ ಪತ್ರಿಕೆಯ ಓದುಗರಿಗೆ ಗೊತ್ತಿರುವ ಸಂಗತಿ.

ಆದರೆ ಅದೇ ಕಾಡಿನಲ್ಲಿ ಫ್ಯಾಂಟಮನನ್ನು ಸಾಕಿ ಸಲಹಿದ, ಅವನಿಗಾಗಿ ವಿಷದ ಬಾಣ ಹಿಡಿದು ಕಾವಲು ನಿಂತ ಕುಳ್ಳ ಜನರಿದ್ದಾರೆ. ಅವರ ಹೆಸರು ಬಂದಾರ್. ಉರ್ದು ಆಡುವ ಮನೆಯ ಹುಡುಗ ಅದನ್ನು ಹೇಗೆ ಓದುತ್ತಾನೆ ಹೇಳಿ. ಬಂದರ್ ಎಂದರೆ ನಮ್ಮಲ್ಲಿ ಮಂಗ. ಇಳಕಲ್ಲಿನಲ್ಲಿ ಆ ಹೆಸರು ಬಂದಾಗ ಗುಂಪಿನಲ್ಲಿ ನಗು ಏಳುತ್ತಿತ್ತು ಎಂದು ಇಬ್ಬರು ಹೇಳಿದರು. ಫಾಕ್‌ನ ಮನಸ್ಸಿನಲ್ಲಿ ಏನಿತ್ತೋ ಬೇರೆ ಮಾತು, ನಮ್ಮ ಓದುಗನ ಕಿವಿಗೆ ಬಿದ್ದದ್ದು ಇದು. ಆಕ್ಷೇಪಿಸಬಲ್ಲವರ ಹೆಸರುಗಳು ಬದಲಾದವು. ಆ ಕಾಡಿನ ಜನರ ಪರವಾಗಿ ಪತ್ರ ಬರೆಯುವವರು ಇಲ್ಲಿ ಯಾರೂ ಇರಲಿಲ್ಲ.

ಬಾಗಲಕೋಟೆಯ ನಿವೃತ್ತ ಶಿಕ್ಷಕರೊಬ್ಬರ ತಕರಾರು ಇನ್ನೂ ನೇರವಾಗಿತ್ತು. ಹಳೆಯ ಪೇಟೆಯಿಂದ ನವನಗರಕ್ಕೆ ಸಾಮಾನು ಸಾಗಿಸುವಾಗ ಅವರ ಕಟ್ಟುಗಳು ರದ್ದಿಗೆ ಹೋದವು. ಆಲಮಟ್ಟಿಯ ಹಿನ್ನೀರು ಬರುವ ಮೊದಲು ಬಹಳ ಮನೆಗಳಲ್ಲಿ ಹೀಗೆಯೇ ಆಯಿತು. ಈಗ ಬೇರೆಯವರ ಕಟ್ಟನ್ನು ಮತ್ತೆ ಓದಿ ಅವರು ಕೇಳಿದ್ದು ಒಂದೇ: “ನಾನೂರು ವರ್ಷ ಆ ಕಾಡಿನವರೊಳಗ ಒಬ್ಬನೂ ಆ ಬುರುಡಿ ಸಿಂಹಾಸನದ ಮ್ಯಾಲ ಕುಂಡ್ರಲಿಲ್ಲೇನ್ರಿ?” ಅವರು ಹಲಗಲಿಯನ್ನು ನೆನಪಿಸಿದರು. ಮುಧೋಳ ತಾಲ್ಲೂಕಿನ ಆ ಊರಿನ ಬೇಡರು 1857ರಲ್ಲಿ ಆಯುಧಗಳನ್ನು ಒಪ್ಪಿಸಿ ಎಂಬ ಇಂಗ್ಲಿಷರ ಕಾಯ್ದೆಗೆ ಒಪ್ಪಲಿಲ್ಲ. ಊರನ್ನು ಸುಟ್ಟರು, ಮುಂದಾಳುಗಳನ್ನು ಗಲ್ಲಿಗೇರಿಸಿದರು. ಅವರ ಲಾವಣಿ ಇಂದಿಗೂ ಇದೆ. ಅದನ್ನು ಸಂಗ್ರಹಿಸಿ ಅಚ್ಚು ಮಾಡಿಸಿದ ಫ್ಲೀಟ್ ಕೂಡ ಇಂಗ್ಲಿಷ್ ಅಧಿಕಾರಿಯೇ! ಆ ಲಾವಣಿಯಲ್ಲಿ ಮುಖವಾಡದ ಒಂಟಿ ವೀರ ಇಲ್ಲ. ಇರುವುದು ಒಂದು ಊರು. ಲಾವಣಿ ಕೇಳಿ ಬೆಳೆದವರೇ ಮರುದಿನ ಫ್ಯಾಂಟಮ್‌ಗಾಗಿ ಕಾಯುತ್ತಿದ್ದರಲ್ಲ ಎಂದು ನಾವು ಕೇಳಿದೆವು. ಶಿಕ್ಷಕರು ನಕ್ಕರು. “ಲಾವಣಿಯೊಳಗ ನಮ್ಮವರು ಸೋಲ್ತಾರ್ರಿ. ಹುಡುಗರಿಗೆ ಗೆಲ್ಲೋದು ಬೇಕಾಗಿರ್ತೈತಿ.”

ಗೆಲ್ಲುವ ವೀರ ನಮ್ಮಲ್ಲಿ ಇರಲಿಲ್ಲವೆಂದೂ ಅಲ್ಲ. ಬಾದಾಮಿಯ ಅಗಸ್ತ್ಯತೀರ್ಥದ ಬಳಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕ್ರಿ.ಶ. 700ರ ಸುಮಾರಿನದು, ತ್ರಿಪದಿಯಲ್ಲಿದೆ. ಒಳ್ಳೆಯವರಿಗೆ ಒಳ್ಳೆಯವನು, ಕಾಡುವವರಿಗೆ ಕಾಲಯಮ ಎನ್ನುವುದು ಅದರ ತಾತ್ಪರ್ಯ. ಫ್ಯಾಂಟಮ್ ಬಗ್ಗೆ ಕಾಡಿನ ಜನ ಹೇಳುವ ಗಾದೆಗಳೂ ಇದೇ ಧಾಟಿಯವು. ಬಾದಾಮಿಯ ಯುವ ಓದುಗನೊಬ್ಬ ಈ ಹೋಲಿಕೆಯನ್ನು ಹಿಡಿದು, ನಮ್ಮವನೇ ಮೊದಲ ಸೂಪರ್‌ಹೀರೋ ಎಂದು ವಾದಿಸಿದ. ನಾವು ಅಷ್ಟು ದೂರ ಹೋಗಲಾರೆವು. ಅರಭಟ್ಟನಿಗೆ ಮುಖವಾಡವಿಲ್ಲ, ಊರ ಕೆರೆಯ ಮುಂದೆ ಹೆಸರು ಹೇಳಿಕೊಂಡು ನಿಂತಿದ್ದಾನೆ.

ಫಾಕ್‌ಗೆ ಅನ್ಯಾಯ ಮಾಡಬಾರದು. ಆಫ್ರಿಕದ ದೇಶಗಳು ಸ್ವತಂತ್ರವಾಗುತ್ತಿದ್ದ 1960ರ ದಶಕದಲ್ಲಿ ಅವನೂ ತನ್ನ ದೇಶಕ್ಕೆ ಲಮಾಂಡಾ ಲುವಾಗಾ ಎಂಬ ಕರಿಯ ವೈದ್ಯನನ್ನು ಚುನಾಯಿತ ಅಧ್ಯಕ್ಷನನ್ನಾಗಿ ತಂದ. ಡಯಾನಾ ಕೂಡ ಕಾಯುತ್ತ ಕೂರುವ ಹೆಣ್ಣಲ್ಲ, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡುವವಳು. ಆದರೂ 1977ರಲ್ಲಿ ಮದುವೆಯಾಗುವ ತನಕ ಅವಳು ಕಾದದ್ದು ನಲವತ್ತು ವರ್ಷ ಎಂದು ಹುನಗುಂದದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಲೆಕ್ಕ ಹಾಕಿ ಹೇಳಿದಳು.

ಈ ವಿದ್ಯಾರ್ಥಿನಿಗೆ ಫ್ಯಾಂಟಮ್ ಅಜ್ಜಂದಿರ ಕಥೆ. ಅವಳು ಓದಿದ್ದು ಕಮಲಾ ಖಾನ್‌ಳದು. ಮಿಸ್ ಮಾರ್ವೆಲ್ ಎಂಬ ಹೆಸರಿನಲ್ಲಿ 2014ರ ಫೆಬ್ರವರಿಯಿಂದ ಬಂದ ಈ ಮಾಲೆಯ ನಾಯಕಿ, ಅಮೆರಿಕದ ಜೆರ್ಸಿ ಸಿಟಿಯಲ್ಲಿರುವ ಪಾಕಿಸ್ತಾನಿ ಮೂಲದ ಮುಸ್ಲಿಮ್ ಹುಡುಗಿ. ಬರೆದವರು ಜಿ. ವಿಲೋ ವಿಲ್ಸನ್, ಚಿತ್ರ ಏಡ್ರಿಯನ್ ಅಲ್ಫೋನಾ, ಸಂಪಾದಕಿ ಸನಾ ಅಮಾನತ್. ಮೊದಲ ಐದು ಸಂಚಿಕೆಗಳ ಸಂಪುಟಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. ಅದೇ ವರ್ಷದ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಸ್ಸುಗಳ ಮೇಲೆ ಇಸ್ಲಾಮನ್ನು ನಿಂದಿಸುವ ಜಾಹೀರಾತು ಅಂಟಿಸಿದಾಗ, ಅವುಗಳ ಮೇಲೆ ಯಾರೋ ಕಮಲಾಳ ಚಿತ್ರಗಳನ್ನು ಅಂಟಿಸಿ ಹೋದರು.

ಫ್ಯಾಂಟಮ್ ಕಟ್ಟಿನ ಪಕ್ಕದಲ್ಲಿಟ್ಟು ಓದಬೇಕಾದದ್ದು ಈ ಸಂಪುಟದ ಒಂದು ಪ್ರಸಂಗವನ್ನು. ಶಕ್ತಿ ಬಂದ ಮೊದಲ ಗಳಿಗೆಯಲ್ಲಿ ಕಮಲಾ ತಾನು ಆರಾಧಿಸುವ ಬಂಗಾರದ ಕೂದಲಿನ ಬಿಳಿಯ ನಾಯಕಿಯೇ ಆಗಿಬಿಡುತ್ತಾಳೆ. ಬಯಸಿದ್ದು ಅದನ್ನೇ. ಆದರೆ ಆ ಮೈಯೊಳಗೆ ಅವಳಿಗೆ ನೆಮ್ಮದಿಯಿಲ್ಲ, ಉಡುಪೂ ಹಿಡಿಸುವುದಿಲ್ಲ. ಮುಂದೆ ಈಜುಡುಗೆಯಾದ ಬುರ್ಕಿನಿಯಿಂದಲೇ ತನ್ನ ವೇಷ ಹೊಲಿದುಕೊಂಡು ತನ್ನ ಮುಖದಲ್ಲಿಯೇ ಹೊರಗೆ ಬರುತ್ತಾಳೆ. ನಮ್ಮ ಊರುಗಳ ಹುಡುಗರು ವರ್ಷಗಟ್ಟಲೆ ಫ್ಯಾಂಟಮನ ಮುಖವಾಡದೊಳಗೆ ಇದನ್ನೇ ಮಾಡಿದ್ದರು. ಬಿಳಿಯವನಾಗಿ ಕುದುರೆ ಏರಿದ್ದರು, ಕಾಡಿನ ಜನರಾಗಿ ಆಟವಾಡಿದವರು ಯಾರೂ ಇಲ್ಲ. ಅವರಿಗೆ ನೆಮ್ಮದಿ ಕೆಡಲಿಲ್ಲ ಎಂಬುದೇ ವ್ಯತ್ಯಾಸ.

ವಿದ್ಯಾರ್ಥಿನಿಗೆ ಇಷ್ಟವಾದದ್ದು ಮಾತ್ರ ಕಮಲಾಳ ಗೆಳತಿ ನಕಿಯಾ. ತಂದೆಗೆ ಬೇಡವಾದರೂ ತನ್ನ ಇಷ್ಟದಿಂದ ತಲೆವಸ್ತ್ರ ಧರಿಸುವವಳು. 2022ರ ಆರಂಭದಲ್ಲಿ ನಮ್ಮ ರಾಜ್ಯದ ಕಾಲೇಜು ಬಾಗಿಲುಗಳಲ್ಲಿ ನಡೆದದ್ದನ್ನು ಕಂಡವಳು ಅವಳು. “ನಕಿಯಾಗೆ ಯಾವ ಶಕ್ತಿನೂ ಇಲ್ಲ ಸರ್, ಆದ್ರೂ ಯಾರೂ ಆಕೀನ ಗೇಟಿನಾಗ ನಿಲ್ಸಂಗಿಲ್ಲ” ಎಂದಳು. ಈ ಮಾತಿಗೆ ನಮ್ಮಿಂದ ಉತ್ತರ ಹೊರಡಲಿಲ್ಲ.

ಸಂಪುಟಕ್ಕೆ ಕೊರತೆಗಳಿವೆ. ಖಳನಾಯಕ ಪೊಳ್ಳು. ಅಮ್ಮನ ಪಾತ್ರ ಗದರಿಸುವುದರಲ್ಲಿಯೇ ಬಹುಪಾಲು ಮುಗಿಯುತ್ತದೆ. ಅಮೆರಿಕದ ಶಾಲೆಯ ಹಾಸ್ಯ ನಮ್ಮವರಿಗೆ ಅರ್ಧ ತಲುಪದು. ಬಾಗಲಕೋಟೆಯ ಶಿಕ್ಷಕರಿಗೂ ಒಂದು ವಾರ ಓದಲು ಕೊಟ್ಟಿದ್ದೆವು. ಮಾತು ಬಹಳ, ಹೊಡೆದಾಟ ಕಡಿಮೆ, ನಡುವೆ ಬೇಸರ ಬಂತು ಎಂದು ಮರಳಿಸಿದರು. ಹುನಗುಂದದ ಹುಡುಗಿಗೆ ಇದನ್ನು ಹೇಳಿದೆವು. ಹೊಡೆದಾಟದ ಪುಟಗಳನ್ನು ತಾನು ಓದೇ ಇಲ್ಲ, ಹಾಗೆಯೇ ತಿರುವಿಹಾಕಿದೆ ಎಂದಳು.